ಉದ್ದ ಕೊಕ್ಕಿನ ಕಂದು ಹಕ್ಕಿ: ಕೆರೆಯಂಚಿನ ಟಿಪ್ಪಣಿಗಳು

ಕಂಡದ್ದು

ಹೆಸರಿನ ಯೋಚನೆ ಆಮೇಲೆ. ಮೊದಲು ಕಂಡದ್ದಷ್ಟನ್ನು ಬರೆದುಕೊಳ್ಳುತ್ತೇನೆ. ಉದ್ದದಲ್ಲಿ ಗುಬ್ಬಚ್ಚಿಯಷ್ಟೇ, ಆದರೆ ಮೈ ತೆಳು. ಬೆನ್ನೆಲ್ಲ ಒಂದೇ ಕಂದು. ಅದರಲ್ಲಿ ಕೆಂಪು ಛಾಯೆ ಇಲ್ಲ, ಕೊಂಚ ಬೂದು ಬೆರೆತಿದೆ. ಹೊಟ್ಟೆ ಮಾಸಲು ಬಿಳಿ. ಕಣ್ಣಿನ ಮುಂದೆ ಮಸುಕಾದ ಹುಬ್ಬು, ಕಣ್ಣು ದಾಟುವಷ್ಟರಲ್ಲಿ ಅಳಿಸಿಹೋಗುತ್ತದೆ. ರೆಕ್ಕೆಯ ಮೇಲೆ ಪಟ್ಟಿಯಿಲ್ಲ, ಎದೆಯ ಮೇಲೆ ಗೀಟಿಲ್ಲ. ಕೊಕ್ಕು ಉದ್ದ, ಆ ಪುಟ್ಟ ತಲೆಗೆ ಹೆಚ್ಚಾಯಿತೆನ್ನಿಸುವಷ್ಟು ಉದ್ದ. ಕೆಳಗೊಕ್ಕು ಬುಡದಿಂದ ತುದಿಯವರೆಗೂ ತಿಳಿಬಣ್ಣ. ತುದಿಯಲ್ಲಿ ಕಪ್ಪು ಕಾಣಲಿಲ್ಲ. ಬಾಲದ ಗರಿಗಳ ತುದಿ ಚೂಪು. ಜೊಂಡಿನ ಬುಡದಿಂದ ಏರಿಯ ಮೇಲಿನ ಲಂಟಾನಕ್ಕೆ ಹಾರಿತು, 'ಚೆಕ್' ಎಂದಿತು, ಒಳಗೆ ನುಸುಳಿತು.

ಜಾಗ ಮೈಸೂರು ಜಿಲ್ಲೆಯ ಒಂದು ಊರ ಕೆರೆ. ಕೆರೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಪರೂಪದ ಹಕ್ಕಿ ಬಂದಿದೆ ಎಂದು ಸುದ್ದಿ ಹಬ್ಬಿದರೆ ಜೊಂಡು ತುಳಿದು ದಾರಿ ಮಾಡುವವರು, ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹೊರಗೆಳೆಯುವವರು ಮರುದಿನವೇ ಬಂದು ನಿಲ್ಲುತ್ತಾರೆ. ಸಾವಿರಾರು ಕಿಲೋಮೀಟರು ಹಾರಿ ಬಂದ ಹಕ್ಕಿಗೆ ಆ ಕಾಟ ಬೇಡ.

ಇಷ್ಟೊಂದು ಯೋಚಿಸುವುದೇಕೆ

ನಮ್ಮ ಕಡೆ ಚಳಿಗಾಲದಲ್ಲಿ ಪೊದೆಯೊಳಗಿಂದ 'ಚೆಕ್, ಚೆಕ್' ಎಂದು ಕೇಳಿಸಿದರೆ ಅದು ಸಾಮಾನ್ಯವಾಗಿ ಬ್ಲೈತ್ಸ್ ರೀಡ್ ವಾರ್ಬ್ಲರ್. ಫಿನ್‌ಲೆಂಡಿನಿಂದ ಮಧ್ಯ ಏಷ್ಯಾದವರೆಗೆ ಹರಡಿರುವ ನೆಲದಲ್ಲಿ ಮರಿ ಮಾಡುವ ಈ ಉಲಿಯಕ್ಕಿ ಚಳಿಗಾಲಕ್ಕೆ ಭಾರತಕ್ಕೆ ಇಳಿಯುತ್ತದೆ. ಸೆಪ್ಟೆಂಬರಿನ ಹೊತ್ತಿಗೆ ಕರ್ನಾಟಕದ ತೋಟ, ಬೇಲಿ, ಹಿತ್ತಲು, ಕೆರೆಯಂಚು ಎಲ್ಲೆಲ್ಲೂ ಇದರ ಸದ್ದು. ಬೇಸಿಗೆ ಏರುತ್ತಿದ್ದಂತೆ ಖಾಲಿ. ಹೆಸರಲ್ಲಿ ಜೊಂಡಿದ್ದರೂ ಇಲ್ಲಿ ಅದಕ್ಕೆ ಪೊದೆಯೇ ಹೆಚ್ಚು ಇಷ್ಟ. ಹಾಗಾಗಿ ಇಂಥ ಹಕ್ಕಿ ಕಂಡಾಗ ಯಾರೂ ಎರಡನೆಯ ಸಲ ನೋಡುವುದಿಲ್ಲ. 'ಬ್ಲೈತ್' ಎಂದು ಬರೆದು ಮುಂದೆ ಹೋಗುತ್ತಾರೆ.

ನನ್ನನ್ನು ತಡೆದದ್ದು ಆ ಕೊಕ್ಕು. ಬ್ಲೈತ್‌ನ ಕೊಕ್ಕೂ ಉದ್ದವೇ. ಆದರೆ ಅದರ ಕೆಳಗೊಕ್ಕಿನ ತುದಿಯಲ್ಲಿ ಸಾಮಾನ್ಯವಾಗಿ ಒಂದು ಕಪ್ಪು ಮಬ್ಬು ಇರುತ್ತದೆ. ಇದರಲ್ಲಿ ಕಾಣಲಿಲ್ಲ. ತಿಳಿ ಕೆಳಗೊಕ್ಕು, ಉದ್ದ ಕೊಕ್ಕು, ಚೂಪು ಬಾಲ. ಈ ಮೂರೂ ಒಟ್ಟಿಗೆ ಬಂದರೆ ಪುಸ್ತಕದಲ್ಲಿ ಇನ್ನೊಂದು ಹೆಸರು ಎದುರಾಗುತ್ತದೆ. ದೊಡ್ಡಕೊಕ್ಕಿನ ಜೊಂಡು ಉಲಿಯಕ್ಕಿ, ಅಂದರೆ ಲಾರ್ಜ್ ಬಿಲ್ಡ್ ರೀಡ್ ವಾರ್ಬ್ಲರ್. ವೈಜ್ಞಾನಿಕ ಹೆಸರು ಅಕ್ರೊಸೆಫಲಸ್ ಓರಿನಸ್. ಆ ಹೆಸರು ನೋಡಿದ ಮೇಲೆ ನೋಟ್‌ಬುಕ್ಕು ಮುಚ್ಚಿಡಲು ಮನಸ್ಸು ಬರಲಿಲ್ಲ. ಜಗತ್ತಿನ ಪಕ್ಷಿಶಾಸ್ತ್ರಕ್ಕೆ ಇಷ್ಟು ದೀರ್ಘಕಾಲ ಕಣ್ಣುತಪ್ಪಿಸಿಕೊಂಡು ಬದುಕಿದ ಹಕ್ಕಿಗಳು ಬಹಳ ಇಲ್ಲ.

ಒಂದೇ ಒಂದು ಹಕ್ಕಿ

ಅದರ ಚರಿತ್ರೆಯನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ನನ್ನ ಗೊಂದಲಕ್ಕೂ ಇದೇ ಆಧಾರ.

1867ರ ನವೆಂಬರ್ 13. ಈಗಿನ ಹಿಮಾಚಲ ಪ್ರದೇಶದ ಸಟ್ಲೆಜ್ ಕಣಿವೆ, ರಾಂಪುರದ ಹತ್ತಿರ. ಅಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್ ಒಂದು ಕಂದು ಉಲಿಯಕ್ಕಿಯನ್ನು ಸಂಗ್ರಹಿಸಿದ. ಹೌದು, 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದವರಲ್ಲಿ ಮುಖ್ಯನಾದ ಅದೇ ಹ್ಯೂಮ್. ಶಾಲೆಯ ಚರಿತ್ರೆ ಪುಸ್ತಕದಲ್ಲಿ ಅವನ ಹಕ್ಕಿಗಳ ವಿಷಯ ಇರುವುದಿಲ್ಲ. ಪಕ್ಷಿಶಾಸ್ತ್ರದಲ್ಲಿ ಮಾತ್ರ ಅವನಿಲ್ಲದೆ ಭಾರತದ ಅಧ್ಯಾಯವೇ ಇಲ್ಲ. ಕೈಯಲ್ಲಿದ್ದ ಹಕ್ಕಿ ತನಗೆ ಗೊತ್ತಿದ್ದ ಯಾವುದಕ್ಕೂ ಹೊಂದುತ್ತಿಲ್ಲ ಎಂದು ಅವನಿಗೆ ಅನ್ನಿಸಿತು. 1869ರಲ್ಲಿ ಹೊಸ ಜಾತಿ ಎಂದು ಪ್ರಕಟಿಸಿದ. ಅವನು ಕೊಟ್ಟ ಹೆಸರು ಈಗಾಗಲೇ ಬೇರೊಂದು ಹಕ್ಕಿಗೆ ಹೋಗಿದ್ದರಿಂದ 1905ರಲ್ಲಿ ಅಮೆರಿಕದ ಒಬರ್‌ಹೋಲ್ಸರ್ ಈಗಿನ ಓರಿನಸ್ ಎಂಬ ಹೆಸರಿಟ್ಟ.

ಆಮೇಲೆ ಯಾರಿಗೂ ಎರಡನೆಯ ಹಕ್ಕಿ ಸಿಗಲಿಲ್ಲ. ನೂರು ವರ್ಷ ಕಳೆಯಿತು, ಇನ್ನೂ ಸಿಗಲಿಲ್ಲ. ಒಂದೇ ಮಾದರಿ ಇದ್ದಾಗ ಅನುಮಾನ ಬರುವುದು ಸಹಜ. ಇದು ಹೊಸ ಜಾತಿಯೇ ಅಲ್ಲ, ಕ್ಲಾಮರಸ್ ರೀಡ್ ವಾರ್ಬ್ಲರಿನದೇ ಒಂದು ವಿಚಿತ್ರ ರೂಪ ಎಂದು ಹಲವರು ಬದಿಗಿಟ್ಟರು.

ಇಲ್ಲಿ ನನಗೆ ತುಂಬ ಮುಖ್ಯವೆನ್ನಿಸುವ ಒಂದು ಸಂಗತಿ ಇದೆ. 1880ರ ದಶಕದಲ್ಲಿ ಹ್ಯೂಮ್ ಭಾರತದ ಹಕ್ಕಿಗಳ ಬಗ್ಗೆ ವರ್ಷಾನುಗಟ್ಟಲೆ ಬರೆದಿಟ್ಟ ಹಸ್ತಪ್ರತಿಗಳ ದೊಡ್ಡ ಭಾಗ ಶಿಮ್ಲಾದ ಅವನ ಮನೆಯಿಂದ ಕಳವಾಗಿ, ಬಜಾರಿನಲ್ಲಿ ರದ್ದಿ ಕಾಗದವಾಗಿ ಮಾರಾಟವಾಯಿತು. ಆ ಪೆಟ್ಟಿನ ನಂತರ ಅವನು ಹಕ್ಕಿಗಳ ಕೆಲಸವನ್ನೇ ಬಿಟ್ಟು, ತನ್ನ ಅಗಾಧ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟ. ಬರೆದದ್ದು ಹೋಯಿತು, ಹಕ್ಕಿಯ ತೊಗಲು ಉಳಿಯಿತು. ಆ ತೊಗಲೇ ಮುಂದೆ ಸಾಕ್ಷಿ ಹೇಳಿತು. 2002ರಲ್ಲಿ ಸ್ವೀಡನ್ನಿನ ಸ್ಟಾಫನ್ ಬೆನ್ಶ್ ಮತ್ತು ಡೇವಿಡ್ ಪಿಯರ್ಸನ್ ಆ ಹಳೆಯ ಮಾದರಿಯ ಡಿಎನ್‌ಎ ಪರೀಕ್ಷಿಸಿ, ಇದು ಬೇರೆಯೇ ಜಾತಿ, ಹತ್ತಿರದ ನೆಂಟ ಬ್ಲೈತ್ ಎಂದು ತೋರಿಸಿದರು. ಹ್ಯೂಮ್‌ನ ಕಣ್ಣು ಸರಿಯಾಗಿತ್ತು. ಅದು ಒಪ್ಪಿಗೆಯಾಗಲು ಬೇಕಾದದ್ದು ನೂರಮೂವತ್ತೈದು ವರ್ಷ.

ಮರಳಿ ಕೆರೆಗೆ, ಡಿಸೆಂಬರ್

ಚಳಿ ಇಳಿದಿದೆ. ನೀರಿನ ಮೇಲೆ ಮಂಜು ಕರಗುವವರೆಗೆ ಹಕ್ಕಿ ಕಾಣುವುದಿಲ್ಲ, ಬರೀ ಸದ್ದು. ನಾಮದ ಕೋಳಿಗಳು ಕೆರೆಯ ನಡುವೆ. ನೇರಳೆ ಜಂಬುಕೋಳಿಗಳು ಜೊಂಡಿನ ಬುಡ ಕಿತ್ತು ತಿನ್ನುತ್ತಿವೆ. ಹುಂಡುಕೋಳಿ ಏರಿ ದಾಟಿತು. ಜೊಂಡಿನ ನಡುವೆ ಒರಟು ಸದ್ದಿನ, ಕೆಟ್ಟ ಗಾಲಿ ತಿರುಗಿದಂಥ ಹಾಡು. ಅದು ಕ್ಲಾಮರಸ್. ಗಾತ್ರದಲ್ಲಿ ಹೆಚ್ಚುಕಡಿಮೆ ಬುಲ್‌ಬುಲ್‌ನಷ್ಟು ಇರುವುದರಿಂದ ಗೊಂದಲವಿಲ್ಲ. ನನ್ನ ಹಕ್ಕಿ ಅದಲ್ಲ. ಪ್ಯಾಡಿಫೀಲ್ಡ್ ವಾರ್ಬ್ಲರನ್ನೂ ಬಿಡಬಹುದು: ಅದರ ಹುಬ್ಬು ಬೆಳ್ಳಗೆ ಉದ್ದವಾಗಿ ಎದ್ದು ಕಾಣುತ್ತದೆ, ಕೊಕ್ಕು ಗಿಡ್ಡ.

ಉಳಿದದ್ದು ಎರಡೇ: ಬ್ಲೈತ್, ಇಲ್ಲವೇ ಅದು.

ಮೀನು ಗುತ್ತಿಗೆಯ ಅಣ್ಣ ತೆಪ್ಪ ದಡಕ್ಕೆ ಎಳೆಯುತ್ತಿದ್ದವರು ನಾನು ಪೊದೆ ನೋಡುತ್ತಿದ್ದುದನ್ನು ಗಮನಿಸಿ ಹತ್ತಿರ ಬಂದರು.

"ಏನ್ ಸಾರ್, ಹಾವಾ?"

"ಇಲ್ಲಣ್ಣ, ಹಕ್ಕಿ. ಚಿಕ್ಕದು, ಕಂದು ಬಣ್ಣ. ಚೆಕ್ ಚೆಕ್ ಅಂತದೆ."

"ಅದಾ? ಚಳಿಗಾಲ ಬಂದ್ರೆ ಬತ್ತದೆ. ಏರಿ ಮ್ಯಾಲೆ ಒಂದೊಂದು ಪೊದೆಗೆ ಒಂದೊಂದು ಇರ್ತದೆ. ಒಂದರ ಪೊದೆಗೆ ಇನ್ನೊಂದು ಬಂದ್ರೆ ಓಡ್ಸೇ ಓಡಿಸ್ತದೆ."

"ಎಲ್ಲಾ ಒಂದೇ ಥರಾನಾ?"

ಸ್ವಲ್ಪ ಹೊತ್ತು ಯೋಚಿಸಿದರು. "ಸದ್ದು ಒಂದೇ ಸಾರ್. ಆದ್ರೆ ಆ ತೂಬಿನ ಹತ್ರ ಇರೋದು ನೀರ್ ಬಿಟ್ಟು ದೂರ ಹೋಗಾಕಿಲ್ಲ. ಉಳಿದವು ಹೊಲದ್ ಕಡೆಗೂ ಹೋಗ್ತವೆ."

ನಾನು ಕಂಡದ್ದು ತೂಬಿನ ಹತ್ತಿರದ್ದನ್ನೇ. ದಿನವೂ ನೀರಿನ ಮೇಲೆ ಇರುವವರ ಈ ಮಾತನ್ನು ಹಾಗೆಯೇ ಬರೆದುಕೊಂಡಿದ್ದೇನೆ. ಇದು ಗುರುತಿಗೆ ಸಾಕ್ಷಿಯಾಗುತ್ತದೆಯೋ ಇಲ್ಲವೋ ಬೇರೆ ಮಾತು. ನೋಟವಾಗಿ ಇದಕ್ಕೆ ಬೆಲೆ ಇದೆ. ಒಂದು ಪೊದೆಗೆ ಒಂದು ಹಕ್ಕಿ ಎಂಬುದಂತೂ ನಿಜ. ಚಳಿಗಾಲದಲ್ಲೂ ಈ ಹಕ್ಕಿಗಳು ತಮ್ಮ ಜಾಗ ಕಾಯುತ್ತವೆ.

ಕೊಳಚೆ ನೀರಿನ ಬಳಿ

ಮತ್ತೆ ಚರಿತ್ರೆಗೆ. 2006ರ ಮಾರ್ಚ್ 27. ಥಾಯ್ಲೆಂಡಿನ ಫೆಚಬುರಿ ಪ್ರಾಂತ್ಯದ ಲೇಮ್ ಫಕ್ ಬಿಯಾ. ಅದು ಕೊಳಚೆ ನೀರು ಶುದ್ಧೀಕರಿಸುವ ಪರಿಸರ ಸಂಶೋಧನಾ ಕೇಂದ್ರ. ಮಹಿಡೋಲ್ ವಿಶ್ವವಿದ್ಯಾಲಯದ ಪಕ್ಷಿತಜ್ಞ ಫಿಲಿಪ್ ರೌಂಡ್ ಅಲ್ಲಿ ಬಲೆ ಕಟ್ಟಿ, ಸಿಕ್ಕ ಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಬಿಡುವ ವಾಡಿಕೆಯ ಕೆಲಸದಲ್ಲಿದ್ದರು. ಬಲೆಗೆ ಬಿದ್ದ ಒಂದು ಕಂದು ಉಲಿಯಕ್ಕಿಯ ಕೊಕ್ಕು ಉದ್ದ, ರೆಕ್ಕೆ ಗಿಡ್ಡ. ಅದು ಯಾವ ಲೆಕ್ಕಕ್ಕೂ ಕೂರಲಿಲ್ಲ. ಫೋಟೋಗಳನ್ನೂ ಗರಿಯನ್ನೂ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿದ್ದ ಬೆನ್ಶ್‌ಗೆ ಕಳಿಸಿದರು. ಹ್ಯೂಮ್‌ನ ಮಾದರಿಯ ಡಿಎನ್‌ಎ ವಿವರ ಬೆನ್ಶ್ ಬಳಿ ಮೊದಲೇ ಇತ್ತು. ಎರಡೂ ಹೊಂದಿದವು. 1867ರ ನಂತರ ಬದುಕಿರುವ ಒಂದು ಹಕ್ಕಿ ಮನುಷ್ಯನ ಕೈಗೆ ಸಿಕ್ಕಿ ಗುರುತಾದದ್ದು ಅದೇ ಮೊದಲು.

ಬೆನ್ಶ್ 2002ರಲ್ಲಿ ಆ ಹಳೆಯ ತೊಗಲನ್ನು ಪರೀಕ್ಷಿಸದೇ ಇದ್ದಿದ್ದರೆ 2006ರ ಗರಿಯನ್ನು ಯಾವುದಕ್ಕೆ ಹೋಲಿಸಬೇಕಿತ್ತು? ಒಬ್ಬರ ಕೆಲಸದ ಮೇಲೆ ಇನ್ನೊಬ್ಬರದು ನಿಂತಿರುವುದು ಇಲ್ಲಿ ಕಣ್ಣಿಗೆ ಕಾಣುವಷ್ಟು ಸ್ಪಷ್ಟ.

ನಂತರದ್ದು ಇನ್ನೂ ಅಚ್ಚರಿ. ಹುಡುಕುವವರು ಈ ಸಲ ಕಾಡಿಗೆ ಹೋಗುವ ಬದಲು ಮ್ಯೂಸಿಯಮ್ಮಿನ ಡ್ರಾಯರುಗಳನ್ನು ತೆರೆದರು. ಇಂಗ್ಲೆಂಡಿನ ಟ್ರಿಂಗ್‌ನಲ್ಲಿ ಬ್ಲೈತ್ ಎಂಬ ಚೀಟಿ ಹೊತ್ತ ಹಕ್ಕಿಗಳ ನಡುವೆ, 1869ರಲ್ಲಿ ಭಾರತದಲ್ಲಿ ಸಂಗ್ರಹಿಸಿದ ಇನ್ನೊಂದು ಓರಿನಸ್ ಸಿಕ್ಕಿತು. ರಾಗಿಯಲ್ಲಿ ಬೆರೆತ ಸಾಸಿವೆಯಂತೆ ಅದು ಇಷ್ಟು ಕಾಲವೂ ಅಲ್ಲೇ ಇತ್ತು. 2008ರಲ್ಲಿ ಲಾರ್ಸ್ ಸ್ವೆನ್ಸನ್, ರಾಬರ್ಟ್ ಪ್ರಿಸ್ ಜೋನ್ಸ್, ಪಮೇಲಾ ರಾಸ್ಮುಸ್ಸೆನ್ ಮತ್ತು ಉರ್ಬನ್ ಓಲ್ಸನ್ ಬೇರೆ ಬೇರೆ ಸಂಗ್ರಹಗಳಿಂದ ಹತ್ತು ಹೊಸ ಮಾದರಿಗಳನ್ನು ಗುರುತಿಸಿ ಪ್ರಕಟಿಸಿದರು. ಹತ್ತೂ ಹಳೆಯವೇ, ಹತ್ತಕ್ಕೂ ತಪ್ಪು ಚೀಟಿ. ಅಪರೂಪ ಎಂದು ನಾವು ಹೇಳುತ್ತಿದ್ದ ಹಕ್ಕಿ ಅಷ್ಟೂ ವರ್ಷ ತೀರ ಸಾಮಾನ್ಯ ಹಕ್ಕಿಯ ಹೆಸರಿನ ಕೆಳಗೆ ಕೂತಿತ್ತು.

ನನ್ನ ತಲೆಯಲ್ಲಿ ಕೂತಿರುವುದು ಈ ಮಾತೇ. ಡ್ರಾಯರಿನಲ್ಲಿ, ಕೈಗೆಟಕುವಂತೆ ಮಲಗಿದ್ದ ಹಕ್ಕಿಗೇ ತಪ್ಪು ಹೆಸರು ಬಂದಿದ್ದರೆ, ಕೆರೆಯಂಚಿನಲ್ಲಿ ಕ್ಷಣ ಕಂಡು ಮರೆಯಾಗುವ ಎಷ್ಟು ಹಕ್ಕಿಗಳನ್ನು ನಾವೆಲ್ಲ 'ಬ್ಲೈತ್' ಎಂದು ಬರೆದಿದ್ದೇವೆ?

ಗುರುತುಗಳ ಪಟ್ಟಿ, ಮತ್ತು ಅದರ ಮಿತಿ

ಪುಸ್ತಕಗಳಿಂದ ಸಂಗ್ರಹಿಸಿದ್ದು. ಬ್ಲೈತ್‌ಗೆ ಹೋಲಿಸಿದರೆ ದೊಡ್ಡಕೊಕ್ಕಿನದಕ್ಕೆ ಕೊಕ್ಕು ಉದ್ದ, ರೆಕ್ಕೆ ಗಿಡ್ಡ ಮತ್ತು ದುಂಡು, ಬಾಲ ಉದ್ದ, ಬಾಲದ ಗರಿಗಳ ತುದಿ ಚೂಪು, ಹಿಂಬೆರಳಿನ ಉಗುರು ಉದ್ದ. ಕೆಳಗೊಕ್ಕು ಪೂರ್ತಿ ತಿಳಿ.

ಪ್ರತಿಯೊಂದರಲ್ಲೂ ತೊಡಕಿದೆ. ಎರಡು ಹಕ್ಕಿಗಳ ಕೊಕ್ಕಿನ ವ್ಯತ್ಯಾಸ ಕೆಲವೇ ಮಿಲಿಮೀಟರು. ಹಕ್ಕಿ ತಲೆಯನ್ನು ಕೊಂಚ ನಮ್ಮ ಕಡೆ ತಿರುಗಿಸಿದರೆ ಕೊಕ್ಕು ಗಿಡ್ಡವಾಗುತ್ತದೆ, ಪೂರ್ತಿ ಪಕ್ಕಕ್ಕೆ ನಿಂತರೆ ಉದ್ದವಾಗುತ್ತದೆ. ಚೂಪು ಬಾಲಕ್ಕೂ ಎರಡು ಕಾರಣವಿರಬಹುದು: ಹುಟ್ಟಿನಿಂದಲೇ ಚೂಪಾದ ಗರಿ, ಇಲ್ಲವೇ ದೂರ ಹಾರಿ, ಮುಳ್ಳುಪೊದೆಯಲ್ಲಿ ಉಜ್ಜಿ ಸವೆದ ಗರಿ. ದುರ್ಬೀನಿನಲ್ಲಿ ಎರಡೂ ಒಂದೇ. ಹಿಂಬೆರಳಿನ ಉಗುರಂತೂ ಎಲೆಯ ಹಿಂದೆ. ಕೆಳಗೊಕ್ಕಿನ ತುದಿಯ ಕಪ್ಪು ಕೆಲವು ಬ್ಲೈತ್‌ಗಳಲ್ಲಿ ಎಷ್ಟು ತೆಳುವೆಂದರೆ ಎದುರು ಬೆಳಕಿನಲ್ಲಿ ಮಾಯವಾಗುತ್ತದೆ. ನನ್ನ ಫೋಟೋಗಳಲ್ಲಿ ಬೆಳಕು ನೀರಿನಿಂದ ಪ್ರತಿಫಲಿಸಿ ಕೆಳಗಿನಿಂದ ಬಂದಿದೆ. ಆ ಬೆಳಕಿನಲ್ಲಿ ಕೆಳಗೊಕ್ಕು ಎಲ್ಲ ಹಕ್ಕಿಗಳಲ್ಲೂ ತಿಳಿಯೇ.

ಗಟ್ಟಿ ಗುರುತು ರೆಕ್ಕೆಯದು. ಯಾವ ಹಾರುಗರಿ ಯಾವುದಕ್ಕಿಂತ ಎಷ್ಟು ಗಿಡ್ಡ ಎಂಬುದನ್ನು ಕೈಯಲ್ಲಿ ಹಿಡಿದು ಅಳತೆಪಟ್ಟಿ ಇಟ್ಟು ನೋಡಬೇಕು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಕಾಡುಹಕ್ಕಿ ಹಿಡಿಯುವಂತಿಲ್ಲ, ಹಿಡಿಯಲೂಬಾರದು. ಪಳಗದ ಕೈಗೆ ಸಿಕ್ಕರೆ ಹತ್ತು ಗ್ರಾಂ ತೂಗುವ ಹಕ್ಕಿ ಉಳಿಯುವುದೇ ಕಷ್ಟ. ನನಗಿರುವುದು ಕಣ್ಣು, ದುರ್ಬೀನು ಮತ್ತು ಕಾಯುವ ಹೊತ್ತು.

ಆ ದುಂಡು ರೆಕ್ಕೆಯೇ ವಿಜ್ಞಾನಿಗಳನ್ನೂ ಗೊಂದಲಕ್ಕೆ ತಳ್ಳಿತ್ತು. ಸಾಮಾನ್ಯವಾಗಿ ದೂರ ವಲಸೆ ಹೋಗುವ ಹಕ್ಕಿಗಳ ರೆಕ್ಕೆ ಉದ್ದ, ಚೂಪು. ನೆಲೆ ಬಿಡದವುಗಳದ್ದು ದುಂಡು. ಹಾಗಾಗಿ ಈ ಹಕ್ಕಿ ಹಿಮಾಲಯದ ಆಸುಪಾಸಿನಲ್ಲೇ ಇದ್ದು, ಹೆಚ್ಚು ದೂರ ಹೋಗದೆ ಇರಬಹುದು ಎಂದು 2002ರಲ್ಲಿ ಊಹಿಸಲಾಗಿತ್ತು. ಅದರ ಮನೆ ಕಂಡುಬಂದದ್ದು ಬೇರೆಯೇ ಕಡೆ.

ವಾಖಾನ್

2008ರಲ್ಲಿ ರಾಬರ್ಟ್ ಟಿಮಿನ್ಸ್ ಅಫ್ಘಾನಿಸ್ತಾನದ ಈಶಾನ್ಯ ಮೂಲೆಯ ವಾಖಾನ್ ಕಣಿವೆಯಲ್ಲಿ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯುಸಿಎಸ್ ಪರವಾಗಿ ಪಕ್ಷಿ ಸಮೀಕ್ಷೆ ಮಾಡುತ್ತಿದ್ದರು. ನದಿಯಂಚಿನ ಪೊದೆಯಲ್ಲಿ ಹಾಡುತ್ತಿದ್ದ ಉಲಿಯಕ್ಕಿಗಳ ಸದ್ದು ಮುದ್ರಿಸಿಕೊಂಡರು. ಅವರೂ ಮೊದಲು ಅಂದುಕೊಂಡದ್ದು ಬ್ಲೈತ್ ಎಂದೇ. ಆಮೇಲೆ ಟ್ರಿಂಗ್‌ಗೆ ಹೋಗಿ ಮಾದರಿಗಳನ್ನು ನೋಡಿದಾಗ ತಾವು ಕಂಡದ್ದಕ್ಕೂ ಅಲ್ಲಿನ ಬ್ಲೈತ್‌ಗೂ ಹೊಂದಲಿಲ್ಲ. 2009ರಲ್ಲಿ ತಂಡ ಅಲ್ಲಿಗೇ ಮರಳಿ ಸುಮಾರು ಇಪ್ಪತ್ತು ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಗರಿ ಪಡೆದು, ಬಿಟ್ಟಿತು. ಡಿಎನ್‌ಎ ಖಚಿತಪಡಿಸಿತು. ಅದೇ ಹೊತ್ತಿಗೆ ಬೇರೊಂದು ತಂಡ ಗಡಿಯಾಚೆ ತಜಕಿಸ್ತಾನದಲ್ಲೂ ಇದು ಮರಿ ಮಾಡುವುದನ್ನು ವರದಿ ಮಾಡಿತು. ಹಕ್ಕಿ ಇದ್ದದ್ದು ಪಾಮಿರ್ ಪರ್ವತಗಳ ನಡುವಿನ ನದಿದಂಡೆಗಳಲ್ಲಿ, ವಿಲ್ಲೋ ಮತ್ತು ಮುಳ್ಳುಪೊದೆಗಳ ನಡುವೆ. ಜೊಂಡಿನ ಹೆಸರು ಹೊತ್ತ ಹಕ್ಕಿ ಅಲ್ಲೂ ಪೊದೆಯನ್ನೇ ಆರಿಸಿಕೊಂಡಿತ್ತು.

ಯುದ್ಧದ ನಾಡಿನಲ್ಲಿ, ಅಫ್ಘನ್ ಕ್ಷೇತ್ರ ಸಿಬ್ಬಂದಿ ಕಾಲ್ನಡಿಗೆಯಲ್ಲಿ ಹೋಗಿ ಇಂಥದೊಂದು ಕಂದು ಹಕ್ಕಿಗಾಗಿ ಕಾದದ್ದನ್ನು ನೆನೆದರೆ ಗೌರವ ಮೂಡುತ್ತದೆ. 2010ರಲ್ಲಿ ಆ ದೇಶ ಈ ಹಕ್ಕಿಯನ್ನು ತನ್ನ ಸಂರಕ್ಷಿತ ಜೀವಿಗಳ ಪಟ್ಟಿಗೆ ಸೇರಿಸಿತು.

ನನ್ನ ಕೆರೆಗೆ ಇದು ತರುವ ಅರ್ಥ ಇಷ್ಟು. ಹಕ್ಕಿ ಮರಿ ಮಾಡುವುದು ಪಾಮಿರ್ ಕಡೆ, ಸಿಕ್ಕಿಬಿದ್ದದ್ದು ಥಾಯ್ಲೆಂಡಿನಲ್ಲಿ. ಆ ದುಂಡು ರೆಕ್ಕೆಯಲ್ಲೇ ಅದು ದೂರದ ವಲಸಿಗ. ದಾರಿ ಉತ್ತರ ಭಾರತದ ಮೇಲೆ. ಹಾಗಿದ್ದರೂ ಪೂರ್ವಕ್ಕೆ ಹಾರುವ ಹಕ್ಕಿ ಇಷ್ಟು ದಕ್ಷಿಣಕ್ಕೆ, ಮೈಸೂರಿನವರೆಗೆ ಏಕೆ ಬರಬೇಕು? ಭೂಪಟ ಬಿಡಿಸಿ ನೋಡಿದರೆ ನನ್ನ ಹಕ್ಕಿ ಬ್ಲೈತ್ ಆಗಿರುವ ಸಾಧ್ಯತೆಯೇ ಬಹಳ ಹೆಚ್ಚು. ಇದನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟಿದ್ದೇನೆ, ಕೊಕ್ಕನ್ನು ನೋಡಿದಾಗ ಮರೆಯದಂತೆ.

ಫೆಬ್ರವರಿ

ಕೆರೆ ಬತ್ತುತ್ತಿದೆ. ತೂಬಿನ ಬಳಿಯ ಹಕ್ಕಿ ಇನ್ನೂ ಇದೆ. ಅದೇ ಹಕ್ಕಿ ಎಂಬುದಕ್ಕೆ ಆಧಾರ ಅದೇ ಪೊದೆ ಮಾತ್ರ. ಈ ಸಲ ಬೆಳಕು ಹಿಂದಿನಿಂದ, ಮೃದುವಾಗಿ. ಕೆಳಗೊಕ್ಕಿನ ತುದಿಯತ್ತಲೇ ದೃಷ್ಟಿ. ಒಂದು ಸಲ ತಿಳಿಯಾಗಿ ಕಂಡಿತು, ಇನ್ನೊಂದು ಸಲ ತುದಿಯಲ್ಲಿ ಬೂದು ನೆರಳು ಇದೆಯೆಂದು ಅನ್ನಿಸಿತು. ಬಾಲ ಬಿಚ್ಚಿದಾಗ ಹೊರಗಿನ ಗರಿ ಚೂಪು, ಆದರೆ ಅಂಚು ಹರಿದಿದೆ. ಹರಿದ ಗರಿಯನ್ನು ನಂಬುವಂತಿಲ್ಲ.

ಏರಿಯ ಮೇಲಿನ ಉಳಿದ ಹಕ್ಕಿಗಳನ್ನೂ ಒಂದೊಂದಾಗಿ ಇಷ್ಟೇ ಗಮನವಿಟ್ಟು ನೋಡಿದೆ. ಇದರಿಂದ ತುಂಬ ಲಾಭವಾಯಿತು. ಅವುಗಳಲ್ಲೂ ಕೊಕ್ಕಿನ ಉದ್ದ ಒಂದೇ ಇಲ್ಲ. ಒಂದರ ಹುಬ್ಬು ಕಣ್ಣು ದಾಟಿದೆ, ಇನ್ನೊಂದರದ್ದು ದಾಟಿಲ್ಲ. ಹೊಲದಂಚಿನ ಒಂದರ ಬೆನ್ನು ಕೆಂಪು ಕಂದು, ಇನ್ನೊಂದರದ್ದು ಬೂದು ಕಂದು. ಸಾಮಾನ್ಯ ಹಕ್ಕಿಯೊಳಗೆ ಇಷ್ಟು ವೈವಿಧ್ಯ ಇದೆಯೆಂದು ತಿಳಿಯದೆ ಅಪರೂಪದ್ದನ್ನು ಗುರುತಿಸಲು ಹೊರಡುವುದು ಅಡಿಪಾಯವಿಲ್ಲದ ಮಾತು. ಫಿಲಿಪ್ ರೌಂಡ್ ಆ ಒಂದು ಹಕ್ಕಿಯನ್ನು ಬೇರೆಯೆಂದು ಹಿಡಿಯಲು ಸಾಧ್ಯವಾದದ್ದು ಅದಕ್ಕೆ ಮೊದಲು ಲೆಕ್ಕವಿಲ್ಲದಷ್ಟು ಸಾಧಾರಣ ಹಕ್ಕಿಗಳು ಅವರ ಕೈಮೇಲೆ ಹಾದುಹೋಗಿದ್ದರಿಂದ.

ಕೆರೆಯ ಆಚೆ ದಡದಲ್ಲಿ ಯಾರೋ ಒಣ ಜೊಂಡಿಗೆ ಬೆಂಕಿ ಹಚ್ಚಿದ್ದಾರೆ. ಹೊಗೆ ಇತ್ತ ಬಂತು. ಹೊಸ ಚಿಗುರು ದನಕ್ಕೆ ಆಗಲಿ ಎಂಬುದು ಲೆಕ್ಕಾಚಾರ. ಅಣ್ಣನನ್ನು ಕೇಳಿದೆ. "ವರ್ಷಾ ವರ್ಷಾ ಹಚ್ತಾರೆ ಸಾರ್. ಒಂದ್ ಕಡೆ ಉಳಿಸ್ರಪ್ಪಾ ಅಂದ್ರೆ ಕೇಳಾಕಿಲ್ಲ." ಪಂಚಾಯಿತಿಯಲ್ಲಿ ಮಾತಾಡಿ, ತೂಬಿನ ಪಕ್ಕದ ಜೊಂಡನ್ನಾದರೂ ಈ ವರ್ಷ ಬಿಡುವಂತೆ ಕೇಳಿಕೊಳ್ಳುವುದು ಎಂದು ಇಬ್ಬರೂ ನಿಶ್ಚಯಿಸಿದೆವು.

ತೀರ್ಮಾನ

ನನ್ನ ದಾಖಲೆಯಲ್ಲಿ ಹೀಗೆ ಬರೆದಿದ್ದೇನೆ: ಅಕ್ರೊಸೆಫಲಸ್, ಬ್ಲೈತ್ ಇರುವ ಸಾಧ್ಯತೆ ಹೆಚ್ಚು, ಜಾತಿ ಖಚಿತವಿಲ್ಲ. ಅದರ ಜೊತೆಗೆ ಕೊಕ್ಕು, ಬಾಲ, ಬೆಳಕಿನ ದಿಕ್ಕು, ಗಂಟೆ, ಪೊದೆ, ಅಣ್ಣನ ಮಾತು, ಎಲ್ಲವೂ ಇವೆ. ಕೂಗಿನ ಧ್ವನಿಮುದ್ರಣವೂ ಇದೆ. 'ಅಪರೂಪದ ಹಕ್ಕಿ ಪತ್ತೆ' ಎಂದು ಇದರಿಂದ ಹೇಳಲಾಗದು, ಹೇಳುವುದೂ ಇಲ್ಲ.

ಒಂದು ಕೋರಿಕೆ ಮಾತ್ರ. ಬರುವ ಚಳಿಗಾಲದಲ್ಲಿ ನಿಮ್ಮೂರ ಕೆರೆಯಂಚಿನಲ್ಲಿ ಕಂದು ಉಲಿಯಕ್ಕಿ ಕಂಡರೆ ಹೆಸರು ಬರೆಯುವ ಮೊದಲು ಕಂಡದ್ದನ್ನು ಬರೆಯಿರಿ. ಸಾಧ್ಯವಾದರೆ ಮೂರು ಫೋಟೋ ತೆಗೆಯಿರಿ: ಪೂರ್ತಿ ಪಕ್ಕದಿಂದ ಕೊಕ್ಕು, ಮಡಿಸಿದ ರೆಕ್ಕೆಯ ತುದಿ, ಬಿಚ್ಚಿದ ಬಾಲ. ಕೂಗನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ, ಹಕ್ಕಿಗೆ ತಿರುಗಿ ಕೇಳಿಸಬೇಡಿ. ಜೊಂಡಿಗೆ ಬೆಂಕಿ ಬೀಳುವ ಮೊದಲು ಒಂದು ಮೂಲೆಯನ್ನಾದರೂ ಉಳಿಸಲು ಊರಿನವರೊಂದಿಗೆ ಮಾತಾಡಿ. ನಿಮ್ಮ ಹಳೆಯ ಫೋಟೋಗಳಲ್ಲಿ 'ಬ್ಲೈತ್' ಎಂದು ಹೆಸರಿಟ್ಟವು ಇದ್ದರೆ, ಅವನ್ನೂ ಇನ್ನೊಂದು ಸಲ ತೆಗೆದು ನೋಡಿ.